ಕೊಗ್ಗಿ ಗಿಡದ ಗುಣಗಳೂ ಅದರ ಬೇಸಾಯವೂ

ಬೀದರ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ನೆಲವು ಸತ್ವದಲ್ಲಿ ಬಡವಾದುದು. ಸಗಣಿಯು ಕುಳ್ಳಾಗಿ ಒಲೆಯನ್ನು ಸೇರುವಲ್ಲಿ ಹೊಲಕ್ಕೆ ಉಳಿಯುವ ಗೊಬ್ಬರವು ಅತ್ಯಲ್ಪ. ಈ ಕೊರತೆಯನ್ನು ಕೆಲಮಟ್ಟಿಗೆ ನೀಗಬಲ್ಲ ಗಿಡವೊಂದು ಬೀಳುಗಳಲ್ಲಿಯೂ ದಾರಿಯ ಬದಿಯಲ್ಲಿಯೂ ತಾನಾಗಿಯೇ ಬೆಳೆಯುತ್ತದೆ. ಅದೇ ಕೊಗ್ಗಿ, ಸಂಸ್ಕೃತದಲ್ಲಿ ಶರಪುಂಖ.

ಇದು ದ್ವಿದಳ ಜಾತಿಯ ಬಹುವಾರ್ಷಿಕ ಸಸ್ಯ. ಹೂವು ನೇರಳೆ, ಕಾಯಿ ಚಪ್ಪಟೆ, ತುಸು ಬಾಗಿದುದು. ಎಲೆಯ ತುದಿಯನ್ನು ಹಿಡಿದೆಳೆದರೆ ಬಾಣದ ಗರಿಯಂತೆ ಹರಿಯುವುದೇ ಇದರ ಗುರುತು. ಬೇರು ಆಳಕ್ಕಿಳಿಯುವುದರಿಂದ ಅನಾವೃಷ್ಟಿಯನ್ನು ತಾಳುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ದನಗಳು ಇದನ್ನು ಇಷ್ಟಪಟ್ಟು ಮೇಯುವುದಿಲ್ಲ.

ಕಾಯಿ ಸಿಡಿಯುವ ಮೊದಲೇ ಬೀಜವನ್ನು ಸಂಗ್ರಹಿಸಬೇಕು. ಅದರ ಸಿಪ್ಪೆಯು ಗಟ್ಟಿಯಾದುದರಿಂದ ನೀರನ್ನು ಹೀರದು. ದಪ್ಪ ಮರಳಿನೊಡನೆ ಉಜ್ಜಿ, ಇಲ್ಲವೆ ಕುದಿನೀರಿನಲ್ಲಿ ಎರಡು ಮೂರು ನಿಮಿಷವಿಟ್ಟು ತೆಗೆದು ಆರಿಸಿ, ಮೃಗಶಿರಾ ಮಳೆಗೆ ಬಿತ್ತತಕ್ಕದ್ದು. ಎಕರೆಗೆ 8ರಿಂದ 10 ಕಿಲೋ ಬೀಜ ಸಾಕು. ಸುಮಾರು ಒಂದೂವರೆ ಟನ್ನು ಹಸಿಸೊಪ್ಪು ದೊರೆಯುವುದು. ಹೂವಾಡುವಾಗ ಕೊಯ್ದು, ನೆಲದಲ್ಲಿ ಹಸಿ ಇರುವಾಗಲೇ ಉತ್ತು ಮುಚ್ಚಬೇಕು, ಒಣನೆಲದಲ್ಲಿ ಕೊಳೆಯದು.

ಬೆಳವಣಿಗೆ ನಿಧಾನವಾದುದರಿಂದ ತೊಗರಿ, ಉದ್ದುಗಳನ್ನು ಬಿಟ್ಟು ಇಡೀ ಹೊಲವನ್ನು ಇದಕ್ಕೆ ಕೊಡಬೇಕೆಂದು ನಾವು ಹೇಳುವುದಿಲ್ಲ. ಬದುಗಳ ಮೇಲೆ ಬಿತ್ತಿ ಸೊಪ್ಪನ್ನು ಹೊಲಕ್ಕೆ ಹಾಕಿದರೆ ಬೆಳೆಗೆ ನಷ್ಟವಿಲ್ಲ. ಬದುವಿನ ಮಣ್ಣೂ ಕೊಚ್ಚಿಹೋಗದು. ಬೇರು ಬೀಜಗಳು ಮೀನಿಗೆ ವಿಷ, ಕೆರೆಕುಂಟೆಗಳಲ್ಲಿ ಹಾಕಕೂಡದು.

ಜನವಾಡದ ಕಡೆಯ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಮುಂಗಾರಿನಲ್ಲಿ ತಮ್ಮ ಒಂದೊಂದು ಬದುವಿನಲ್ಲಿ ಬಿತ್ತಿ ತೋರಿಸಿದರೆ, ಉಳಿದ ರೈತರು ನೋಡಿ ಅನುಸರಿಸುವರು.