ಪಿಸ್ತೂಲಿನ ತೋಟೆಯ ಬಾಯಿ ಕತ್ತರಿಸಬೇಕೇ?

ಬದ್ಲಾಪುರ ಲೋಕಲ್ ಹಿಡಿದು ಕಲ್ಯಾಣ ದಾಟಿದರೆ ಅಂಬರನಾಥ ಸಿಗುತ್ತದೆ. ಅಲ್ಲಿನ ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ತೋಟೆಗೆ ಬೇಕಾದ ಹಿತ್ತಾಳೆಯ ಬಟ್ಟಲುಗಳು ತಯಾರಾಗುತ್ತವೆ. ಈ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಬಟ್ಟಲನ್ನು ಹಂತಹಂತವಾಗಿ ಎಳೆದು ಕೊಳವೆ ಮಾಡುವಾಗ ಬಾಯಿ ಅಂಕುಡೊಂಕಾಗುತ್ತದೆ. ಆಗ ಕತ್ತರಿಸಿ ಸಮ ಮಾಡಲೇಬೇಕು.

ಪ್ರಶ್ನೆ ಆಮೇಲಿನದು. ಹಾರಿಸಿ ಉಳಿದ ಖಾಲಿ ಕೊಳವೆಗೆ ಹೊಸ ಮದ್ದು, ಹೊಸ ಗುಂಡು ತುಂಬುವುದು ಹೊರದೇಶಗಳ ಎಷ್ಟೋ ಶೂಟರ್‌ಗಳಿಗೆ ರೂಢಿ. (ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡುವುದಿಲ್ಲ.) ಹೀಗೆ ತುಂಬುವಾಗ ಮತ್ತೆ ಕತ್ತರಿಸಬೇಕೇ?

ರೈಫಲ್ ತೋಟೆಗಾದರೆ ಬೇಕು. ಅದಕ್ಕೆ ಶೀಷೆಯಂತೆ ಭುಜ, ಕುತ್ತಿಗೆ ಇವೆ. 7.62 ಮಿ.ಮೀ. ನೇಟೊ ತೋಟೆಯೊಳಗೆ ಒತ್ತಡ ವಾತಾವರಣದ ಸುಮಾರು 4,000 ಪಟ್ಟು. ಹಿಗ್ಗಿದ ಹಿತ್ತಾಳೆಯನ್ನು ಅಚ್ಚಿಗೆ ಒತ್ತಿದಾಗ ಅದು ಕುತ್ತಿಗೆಯತ್ತ ಸರಿದು ಉದ್ದವಾಗುತ್ತದೆ.

ಪಿಸ್ತೂಲಿನದು ನೇರ ಕೊಳವೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 590 ಅಂಕ ಗಳಿಸಿ ಚಿನ್ನ ಗೆದ್ದ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ .32 ತೋಟೆ ಹೆಚ್ಚು ಬಳಕೆಯಲ್ಲಿದೆ. ಅದರ ಒತ್ತಡ ರೈಫಲ್‌ನ ಕಾಲು ಭಾಗದಷ್ಟು. ಬುಡದ ಅಂಚೇ ತೋಟೆಯನ್ನು ಹಿಡಿದು ನಿಲ್ಲಿಸುವುದರಿಂದ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ತೊಂದರೆಯಿಲ್ಲ. ಬಾಯಿಯಂಚನ್ನು ಒಳಕ್ಕೆ ಮಡಚಿ ಗುಂಡನ್ನು ಬಿಗಿಹಿಡಿಸುವವರು ಮಾತ್ರ ಒಮ್ಮೆ ಕತ್ತರಿಸಿ ಎಲ್ಲವನ್ನೂ ಒಂದೇ ಅಳತೆಗೆ ತಂದರೆ ಹಿಡಿತ ಏಕರೂಪವಾಗುತ್ತದೆ.

9 ಮಿ.ಮೀ. ತೋಟೆಯ ಕಥೆ ಬೇರೆ. ಅದು ನಿಲ್ಲುವುದೇ ಬಾಯಿಯ ಅಂಚಿನ ಮೇಲೆ. ಗರಿಷ್ಠ ಉದ್ದ 19.15 ಮಿ.ಮೀ. ಬಳಸುತ್ತ ಬಳಸುತ್ತ ಅದು ತುಸು ಗಿಡ್ಡವಾಗುವುದೇ ಹೆಚ್ಚು. ಅದನ್ನು ಇನ್ನೂ ಕತ್ತರಿಸಿದರೆ ತೋಟೆ ಒಳಕ್ಕೆ ಸರಿದು, ಸೂಜಿಯ ಪೆಟ್ಟು ಸರಿಯಾಗಿ ತಾಗದೆ ಹೋಗಬಹುದು. ನಾನಂತೂ ಕತ್ತರಿಸಬೇಡಿ ಎನ್ನುತ್ತೇನೆ.

ಕಣ್ಣಿಡಬೇಕಾದದ್ದು ಬಿರುಕಿನ ಮೇಲೆ. ಮತ್ತೆ ಮತ್ತೆ ಹಿಗ್ಗಿ ಕುಗ್ಗಿದ ಹಿತ್ತಾಳೆ ಪೆಡಸಾಗಿ ಬಾಯಿಯಲ್ಲಿ ಸೀಳುತ್ತದೆ. ಹಿತ್ತಾಳೆಯ ಬಿರುಕಿಗೆ ನಮ್ಮ ನೆಲದಲ್ಲಿ ಹಳೆಯ ಚರಿತ್ರೆಯೂ ಇದೆ. ಬ್ರಿಟಿಷ್ ಕಾಲದಲ್ಲಿ ಮಳೆಗಾಲಕ್ಕೆಂದು ಕುದುರೆ ಲಾಯಗಳಲ್ಲಿ ಕೂಡಿಟ್ಟ ತೋಟೆಗಳು ತಾವಾಗಿಯೇ ಬಿರಿಯುತ್ತಿದ್ದವು. ಕುದುರೆ ಮೂತ್ರದಿಂದೇಳುವ ಅಮೋನಿಯಾ, ಲೋಹದೊಳಗೆ ಉಳಿದ ಬಿಗುವು ಎರಡೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ವಿವರಿಸಲಾಯಿತು. ಹದವಾಗಿ ಕಾಯಿಸಿ ಆ ಬಿಗುವನ್ನು ಇಳಿಸಿದ ತೋಟೆಗಳು ಬಿರಿಯಲಿಲ್ಲ.