ಅಂಟದ ರೋಗ, ಬಿಡದ ನಾಚಿಕೆ

ಶಿವಾಜಿನಗರದ ನಮ್ಮ ಮಸೀದಿಯಲ್ಲಿ ವುಝೂ ಮಾಡಲು ಆತ ಯಾವಾಗಲೂ ಮೂಲೆಯ ನಳ್ಳಿಯನ್ನೇ ಹಿಡಿಯುತ್ತಿದ್ದ. ಅಂಗಿಯ ತೋಳನ್ನು ಮೊಣಕೈ ತನಕ ಮಡಚಬೇಕಲ್ಲ, ಅಲ್ಲಿನ ಕೆಂಪು ಕಲೆ, ಅದರ ಮೇಲಿನ ಬಿಳಿ ಹೊಟ್ಟು ಯಾರಿಗೂ ಕಾಣಬಾರದು. ಸೋರಿಯಾಸಿಸ್.

ಕರಾವಳಿಯಿಂದ ಹೋಟೆಲ್ ಕ್ಯಾಶಿನಲ್ಲಿ ಕೂರಲು ಬಂದ ಹುಡುಗ. ಗಿರಾಕಿಯೊಬ್ಬ ಅವನ ಕೈ ನೋಡಿ ಚಿಲ್ಲರೆಯನ್ನು ಮೇಜಿನ ಮೇಲೆ ಇಡು ಎಂದನಂತೆ. ಮರುದಿನವೇ ತಾನಾಗಿ ಒಳಗಿನ ಸ್ಟೋರಿಗೆ ಹೋದ, ಸಂಬಳವೂ ಇಳಿಯಿತು. ಗಲ್ಫಿಗೆ ಕರೆ ಬಂದಾಗ ಮೆಡಿಕಲ್‌ನಲ್ಲಿ ಅಂಗಿ ತೆಗೆಯಬೇಕಲ್ಲ ಎಂದು ಪಾಸ್‌ಪೋರ್ಟನ್ನೇ ಮಾಡಿಸಲಿಲ್ಲ. ಮದುವೆ ಮಾತುಕತೆಗಳನ್ನೂ ಅವನೇ ಮುರಿದ. ಈಗ ನಲವತ್ತು ದಾಟಿದೆ. "ಉಸ್ತಾದ್, ತುರಿಕೆ ತಡ್ಕೊಳ್ಳಬಹುದು, ಜನ ನೋಡೋದನ್ನು ತಡ್ಕೊಳ್ಳಲಿಕ್ಕೆ ಆಗುದಿಲ್ಲ" ಅನ್ನುತ್ತಾನೆ. ಇದರಲ್ಲಿ ಯಾವುದನ್ನೂ ರೋಗ ಮಾಡಿಸಿದ್ದಲ್ಲ, ಹೆದರಿಕೆ ಮಾಡಿಸಿದ್ದು.

ಇದು ಮುಟ್ಟಿದರೆ ಅಂಟುವುದಿಲ್ಲ. ಟವೆಲ್, ತಟ್ಟೆ, ಮುಸಾಫಹಾ ಯಾವುದರಿಂದಲೂ ಇಲ್ಲ. ದೇಹದ ರೋಗನಿರೋಧಕ ಶಕ್ತಿ ದಾರಿ ತಪ್ಪಿ, ಸುಮಾರು ಒಂದು ತಿಂಗಳಲ್ಲಿ ಹೊಸದಾಗಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಹೊಟ್ಟಾಗಿ ಉದುರುತ್ತದೆ. ಮನೆತನದಲ್ಲಿ ಬರಬಹುದು, ಆದರೆ ಮಕ್ಕಳಿಗೆಲ್ಲ ಬಂದೇ ಬರುತ್ತದೆ ಎಂದಿಲ್ಲ. ಈ ರೋಗಿಗಳನ್ನು ದೂರ ಇಡುವುದರ ವಿರುದ್ಧ 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯೇ ನಿರ್ಣಯ ಮಾಡಿದೆ.

ನಾನೂ ತಪ್ಪು ಮಾಡಿದ್ದೇನೆ. ಮದ್ರಸದಲ್ಲಿ ಒಬ್ಬ ಮಗುವಿನ ತಲೆಯಿಂದ ಹೊಟ್ಟು ಉದುರುತ್ತಿತ್ತು. ಪಕ್ಕದ ಮಗುವಿನ ಉಮ್ಮ ಬಂದು ಹೇಳಿದರು ಎಂದು ಅವನನ್ನು ಬೇರೆ ಕೂರಿಸಿದೆ. ಒಂದು ವಾರ ಅವನು ಬರಲಿಲ್ಲ. ಮನೆಗೆ ಹೋಗಿ ಕರೆತಂದು ಮೊದಲಿನ ಜಾಗದಲ್ಲೇ ಕೂರಿಸಿದೆ. ಈಗಲೂ ಬರುತ್ತಾನೆ, ಆದರೆ ಟೊಪ್ಪಿ ತೆಗೆಯುವುದಿಲ್ಲ.

ಬೌರಿಂಗ್ ಆಸ್ಪತ್ರೆಯ ಚರ್ಮರೋಗ ವಿಭಾಗ ನಮ್ಮಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ಮೊದಲು ಹೇಳಿದ ಗೆಳೆಯ ಅಲ್ಲಿಗೆ ಹೋಗಲು ವರ್ಷಗಳೇ ಬೇಕಾದವು, ಅಲ್ಲಿತನಕ ಮೆಡಿಕಲ್ ಶಾಪಿನವ ಕೊಟ್ಟ ಮುಲಾಮೇ ಗತಿ. ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್‌ನಿಂದ ಬೇಗ ಇಳಿದಂತೆ ಕಂಡರೂ ನಿಲ್ಲಿಸಿದಾಗ ರೋಗ ಜೋರಾಗಿ ಮರಳಬಹುದು. ಮುಲಾಮು, ಬೆಳಕಿನ ಚಿಕಿತ್ಸೆ, ಮಾತ್ರೆ ಎಲ್ಲವೂ ಇವೆ. ಮೆಥೋಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೊಮ್ಮೆ ಮಾತ್ರ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಬೆಳಿಗ್ಗೆ ಎದ್ದಾಗ ಗಂಟುಗಳು ಬಿಗಿದು ನೋಯುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಇದೇ ರೋಗ ಗಂಟಿಗೂ ಇಳಿಯುತ್ತದೆ.

ಗೆಳೆಯನ ಕಲೆ ಈಗ ಬಹಳ ಕಡಿಮೆಯಾಗಿದೆ. ಮೂಲೆಯ ನಳ್ಳಿ ಮಾತ್ರ ಬಿಟ್ಟಿಲ್ಲ. ಮದುವೆಯ ಮಾತೆತ್ತಿದರೆ ಚಾ ಕುಡಿಯೋಣ ಬನ್ನಿ ಅನ್ನುತ್ತಾನೆ.