ಹ್ಯಾಂಡ್ ಬ್ರೇಕೂ ನನ್ನ ಎಡ-ಬಲವೂ

ಕುವೈತಿನಲ್ಲಿ ಘಟ್ಟ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ನಾನು ನಮ್ಮ ಬಿಲ್ಡಿಂಗಿನ ಸರ್ದಾಬ್ ತೋರಿಸ್ತೀನಿ. ಸರ್ದಾಬ್ ಅಂದ್ರೆ ಇಲ್ಲಿಯವರ ಮಾತಿನಲ್ಲಿ ನೆಲಮಾಳಿಗೆ. ನಮ್ಮ ಕಾರುಗಳು ನಿಲ್ಲೋದು ಅಲ್ಲೇ. ಅಲ್ಲಿಂದ ರಸ್ತೆಗೆ ಹತ್ತೋಕೆ ಕಡಿದಾದ ಒಂದು ಏರು ಇದೆ, ಅಗಲ ಒಂದು ಕಾರಿಗೆ ಸಾಕಾದ್ರೆ ಪುಣ್ಯ. ಮಂಗಾಫ್, ಫಹಾಹೀಲ್ ಕಡೆ ಬಾಡಿಗೆ ಮನೆಯಲ್ಲಿರೋ ಮಿತ್ರರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವಾರದ ಹಿಂದಿನ ಶುಕ್ರವಾರ. ಕಾರು ಕಂಬದ ಪಕ್ಕ ನಿಂತಿರೋದ್ರಿಂದ ಬಲಗಡೆ ಬಾಗಿಲು ತೆಗೆಯೋಕೆ ಆಗಲ್ಲ. ಹಾಗಾಗಿ ನಾನು ಕಾರನ್ನ ಮೇಲೆ ತಗೊಂಡು ಹೋಗೋದು, ನನ್ನಾಕೆ ಮತ್ತು ಮಗಳು ಹಿಂದೆ ನಡ್ಕೊಂಡು ಬರೋದು, ಇದು ರೂಢಿ. ಅವತ್ತು ಮುಂದಿನ ಕಾರಿನವ ರಸ್ತೆಗೆ ಸೇರೋಕೆ ಜಾಗ ಸಿಗದೆ ಏರಿನ ತುದಿಯಲ್ಲಿ ನಿಂತುಬಿಟ್ಟ. ನಾನೂ ನಡುವೆ ನಿಂತೆ. ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಪೆಡಲ್‌ನಿಂದ ಕಾಲು ತೆಗೆದು, ಹಿಂದಿನ ಸೀಟಿನಿಂದ ಉರುಳಿದ್ದ ಬ್ಯಾಗು ಎತ್ತೋಕೆ ತಿರುಗಿದೆ.

ಕಾರು ಹಿಂದಕ್ಕೆ ಜಾರಿತು. ಜೋರಾಗೇನಲ್ಲ... ಸಂಜೆ ಹೊತ್ತು ದನ ಹಟ್ಟಿಗೆ ಹೋಗೋ ಹಾಗೆ, ಸದ್ದಿಲ್ಲದೆ. ನನಗೆ ಗೊತ್ತೇ ಆಗಲಿಲ್ಲ. ನನ್ನಾಕೆ ಕಿರುಚಿದ್ದು ಕೇಳಿ ಕಾಲು ತಾನಾಗೇ ಬ್ರೇಕಿನ ಮೇಲೆ ಬಿತ್ತು. ಇಳಿದು ನೋಡಿದ್ರೆ ಬಂಪರಿಗೂ ಮಗಳ ಮೊಣಕಾಲಿಗೂ ನಡುವೆ ಎರಡು ಗೇಣು. ಅವಳು ಶೂ ಲೇಸ್ ಕಟ್ಟಿಕೊಳ್ಳೋಕೆ ಬಗ್ಗಿದ್ದಳಂತೆ, ಅಮ್ಮ ರಟ್ಟೆ ಹಿಡಿದು ಎಳೆದಿದ್ದಾಳೆ. ಮಗಳು ನಗ್ತಾ ಇದ್ದಳು. ನಮ್ಮಿಬ್ಬರಿಗೆ ಮಾತೇ ಹೊರಡಲಿಲ್ಲ.

ಇದರಲ್ಲಿ ಕಾರಿನ ತಪ್ಪು ಏನೂ ಇಲ್ಲ. ಅದಕ್ಕಿಂತ ಒಂದು ವಾರ ಮುಂಚೆ ಹಿಂದಿನ ಬ್ರೇಕ್ ಬಿಚ್ಚಿ ಹೊಸ ಶೂ ಹಾಕಿದ ಮಹಾನುಭಾವ ನಾನೇ!

ಇಲ್ಲಿ ಒಂದು ಮಾತು. ಆಟೋಮ್ಯಾಟಿಕ್ ಕಾರಿನಲ್ಲಿ ನ್ಯೂಟ್ರಲ್ ಯಾಕಪ್ಪಾ ಹಾಕಿದೆ ಅಂತ ನೀವು ಕೇಳಬಹುದು. ಅಭ್ಯಾಸ ಸ್ವಾಮಿ. ನಾನು ಡ್ರೈವಿಂಗ್ ಕಲಿತದ್ದು ಮಾವನ ಹಳೇ ಜೀಪಿನಲ್ಲಿ, ಬೆಳ್ತಂಗಡಿ ಕಡೆ. ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದವರೆಗೆ ಹೋಗಿ ಬಂದವರಿಗೇ ಅವರ ಲೆಕ್ಕದಲ್ಲಿ ಡ್ರೈವಿಂಗ್ ಬರೋದು. ತಿರುವಿನಲ್ಲಿ ಲಾರಿ ಸಿಕ್ಕಿಕೊಂಡ್ರೆ ಗೇರು ತೆಗೆದು ಹ್ಯಾಂಡ್ ಬ್ರೇಕ್ ಎಳಿ ಅನ್ನೋದು ಮಾವನ ಪಾಠ. ಆದರೆ ಮಾವ ಹ್ಯಾಂಡ್ ಬ್ರೇಕನ್ನ ಮಾತ್ರ ನಂಬ್ತಿರಲಿಲ್ಲ. ಸೀಟಿನ ಕೆಳಗೆ ಒಂದು ಕಲ್ಲು ಇರ್ತಿತ್ತು, ನಿಲ್ಲಿಸಿದ ಕೂಡಲೇ ಇಳಿದು ಹಿಂದಿನ ಚಕ್ರಕ್ಕೆ ಅದನ್ನ ಕೊಡೋದು ನನ್ನ ಕೆಲಸ. ಪಾಠದ ಮೊದಲರ್ಧ ನನಗೆ ನೆನಪುಳಿಯಿತು, ಕಲ್ಲು ಮರೆತುಹೋಯ್ತು.

ಕುವೈತಿನಲ್ಲಿ ಕಲ್ಲಿನ ಅಗತ್ಯವೂ ಬೀಳಲ್ಲ ಅನ್ನಿ. ದೇಶವೇ ಹಪ್ಪಳದ ಹಾಗೆ ಚಪ್ಪಟೆ. ಜಹ್ರಾ ದಾಟಿ ಉತ್ತರಕ್ಕೆ ಹೋದ್ರೆ ಸಿಗೋ ಮುತ್ಲಾ ದಿಬ್ಬವನ್ನೇ ಇಲ್ಲಿಯವರು ಗುಡ್ಡ ಅಂತ ನೋಡೋಕೆ ಹೋಗ್ತಾರೆ! ಗೇರ್ ಲಿವರನ್ನ 'ಪಿ'ಗೆ ತಳ್ಳಿ, ಬಾಗಿಲು ಹಾಕಿ ಹೊರಟುಬಿಡೋದು ಎಲ್ಲರ ಪದ್ಧತಿ. ವರ್ಷಗಟ್ಟಲೆ ಹ್ಯಾಂಡ್ ಬ್ರೇಕ್ ಮುಟ್ಟದೇ ಇರೋರನ್ನ ನಾನು ಬಲ್ಲೆ. ಹೀಗೆ ಬಿಟ್ಟ ಕೇಬಲ್ ಸುಮ್ನಿರಲ್ಲ. ಒಳಗೆ ತಂತಿ, ಹೊರಗೆ ಕೊಳವೆ, ನಡುವೆ ಒಂಚೂರು ಗ್ರೀಸು. ಇಲ್ಲಿಯ ಬೇಸಿಗೆ ನಿಮಗೆ ಗೊತ್ತು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದ ಊರಿದು. ಅದರ ಮೇಲೆ ಹಿಟ್ಟಿನಂಥ ಧೂಳು, ಆಗಸ್ಟ್ ಬಂತಂದ್ರೆ ಸಮುದ್ರದ ತೇವ. ಗ್ರೀಸು ಒಣಗಿ, ಧೂಳು ಸೇರಿ, ತುಕ್ಕು ಹಿಡಿದು ತಂತಿ ಕೊಳವೆಯೊಳಗೇ ಕಚ್ಚಿಕೊಳ್ಳುತ್ತೆ. ಉಪಯೋಗಿಸದೇ ಇದ್ರೆ ಹಾಳಾಗೋ ವಸ್ತು ಇದು.

ಈಗ ನನ್ನ ಪರಾಕ್ರಮಕ್ಕೆ ಬರ್ತೀನಿ.

ಹಳೇ ಜಪಾನಿ ಕಾರು ನನ್ನದು, ಹಿಂದುಗಡೆ ಡ್ರಮ್ ಬ್ರೇಕು. ಶೂ ಸವೆದಿತ್ತು. ಗ್ಯಾರೇಜಿನವರ ಮಜೂರಿ ಉಳಿಸೋಣ ಅಂತ ಒಂದು ಶುಕ್ರವಾರ ಬೆಳಗ್ಗೆ ಎರಡೂ ಚಕ್ರ ಬಿಚ್ಚಿ, ಎರಡೂ ಡ್ರಮ್ ತೆಗೆದು, ಎರಡೂ ಕಡೆಯ ಸ್ಪ್ರಿಂಗು-ಸಾಮಾನು ಒಂದೇ ತಟ್ಟೆಯಲ್ಲಿ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದೆ. ಆ ತಟ್ಟೆಯನ್ನ ನೆನಪಿಟ್ಟುಕೊಳ್ಳಿ. ಎಲ್ಲಾ ಜೋಡಿಸಿ ಕೂತು ಹ್ಯಾಂಡ್ ಬ್ರೇಕ್ ಎಳೆದರೆ, ಲಿವರು ಟಕಟಕಟಕ ಅಂತ ಮೇಲಕ್ಕೇ ಹೋಯ್ತು, ಹಿಡಿತವೇ ಇಲ್ಲ. ಲಿವರಿನ ಬುಡದಲ್ಲಿ ಕೇಬಲ್ ಬಿಗಿ ಮಾಡೋ ನಟ್ಟು ಇರುತ್ತಲ್ಲ, ಅದನ್ನ ತಿರುಗಿಸಿದೆ. ಇನ್ನೂ ತಿರುಗಿಸಿದೆ. ನಾಲ್ಕನೇ ಟಿಕ್ಕಿಗೆ ಕಲ್ಲಿನ ಹಾಗೆ ಗಟ್ಟಿಯಾಯ್ತು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಿದೆ, ಕಾರು ನಿಂತಿತು. (ಸಮತಟ್ಟಿನಲ್ಲಿ ನಿಲ್ಲದೇ ಇನ್ನೆಲ್ಲಿಗೆ ಹೋಗುತ್ತೆ?) ಮನೆಗೆ ಬಂದು ಎಷ್ಟು ದಿನಾರ್ ಉಳೀತು ಅಂತ ನನ್ನಾಕೆಗೆ ಲೆಕ್ಕ ಕೊಟ್ಟೆ.

ವಾರದಲ್ಲಿ ಬ್ರೇಕ್ ಪೆಡಲ್ ದಿನಕ್ಕಿಷ್ಟು ಕೆಳಗೆ ಹೋಗ್ತಾ ಇತ್ತು. ಹೊಸ ಶೂ ಅಲ್ವಾ, ಕೂತುಕೊಳ್ತಾ ಇರಬೇಕು ಅಂದ್ಕೊಂಡೆ. ಅಲ್ಲಿಗೇ ಎಚ್ಚೆತ್ತುಕೊಳ್ಳಬೇಕಿತ್ತು.

ಆ ಶುಕ್ರವಾರ ಎಲ್ಲಿಗೂ ಹೋಗಲಿಲ್ಲ. ಮಾರನೇ ದಿನ ಮೆಲ್ಲಗೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೊರಟೆ. ಗ್ಯಾರೇಜು, ಟಯರು, ಬಿಡಿಭಾಗ, ವೆಲ್ಡಿಂಗು ಎಲ್ಲಾ ಒತ್ತೊತ್ತಾಗಿರೋ ಆ ಬೀದಿಗಳಲ್ಲಿ ಕುಂಬಳೆ ಕಡೆಯ ಒಬ್ಬರು ಮೇಸ್ತ್ರಿ ಇದ್ದಾರೆ. ಮಾಲೀಕನ ಜೊತೆ ಅರಬ್ಬಿ, ಹುಡುಗರ ಜೊತೆ ಮಲಯಾಳಂ, ನನ್ನ ಜೊತೆ ಕಾಸರಗೋಡಿನ ಕನ್ನಡ, ಸಿಟ್ಟು ಬಂದ್ರೆ ತುಳು.

ಅವರು ಲಿವರು ಒಮ್ಮೆ ಎಳೆದು ನೋಡಿ, "ಕೇಬಲ್ ಬಿಗಿ ಮಾಡಿದ್ದು ಯಾರು?" ಅಂದ್ರು.

"ಒಬ್ಬ ಫ್ರೆಂಡು" ಅಂದೆ.

ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಗೇರು ಪಿ-ಯಲ್ಲಿಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದ್ರು. ಹಿಂದಿನ ಚಕ್ರ ಗಾಳಿಯಲ್ಲಿದ್ದಾಗ ಹ್ಯಾಂಡ್ ಬ್ರೇಕ್ ಲೆಕ್ಕಕ್ಕೇ ಇಲ್ಲ, ಕಾರನ್ನ ಹಿಡಿದಿರೋದು ಮುಂದಿನ ಚಕ್ರಗಳು ಮಾತ್ರ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ ಅಂತ ನನಗೂ ಒಂದು ಗದರಿಕೆ ಬಿತ್ತು. ಆಮೇಲೆ ಅವರು ಮಾಡಿದ ಪರೀಕ್ಷೆ ಎಷ್ಟು ಸರಳ ಅಂದ್ರೆ, ಅದನ್ನ ನಾನು ಮೊದಲೇ ಮಾಡಿದ್ರೆ ಈ ಬರಹವೇ ಇರ್ತಿರಲಿಲ್ಲ. ನನ್ನನ್ನ ಒಳಗೆ ಕೂರಿಸಿ ಒಂದೊಂದೇ ಟಿಕ್ ಎಳೆಯೋಕೆ ಹೇಳಿದ್ರು. ಪ್ರತಿ ಟಿಕ್ಕಿಗೂ ಎರಡು ಚಕ್ರಗಳನ್ನ ಕೈಯಲ್ಲಿ ತಿರುಗಿಸಿ ನೋಡಿದ್ರು. ಎಡದ್ದು ಕೊನೆಯ ಟಿಕ್ಕಿಗೆ ಒಂಚೂರು ಉಜ್ಜಿತು. ಬಲದ್ದು ಪೂರ್ತಿ ಎಳೆದರೂ ಗಿರಗಿಟ್ಲೆ ಹಾಗೆ ತಿರುಗ್ತಿತ್ತು!

ಹಾಗಾದ್ರೆ ಲಿವರು ಅಷ್ಟು ಗಟ್ಟಿ ಯಾಕಿತ್ತು? ಬಲಗಡೆ ಚಕ್ರದ ಹಿಂದೆ ಕೇಬಲ್ ಒಳಗೆ ಹೋಗೋ ಜಾಗದಲ್ಲಿ ಟಾರ್ಚ್ ಹಿಡಿದು ತೋರಿಸಿದ್ರು. ನಾನು ಎಳೆದಾಗ ಈ ತುದಿಯಲ್ಲಿ ತಂತಿ ಅಲುಗಾಡ್ತಾನೇ ಇರಲಿಲ್ಲ. ಕೊಳವೆ ಒಂದು ಕಡೆ ಊದಿಕೊಂಡು ತುಕ್ಕು ಹಿಡಿದಿತ್ತು. ಅಂದ್ರೆ ನನ್ನ ಕೈಗೆ ಸಿಕ್ಕಿದ ಬಿಗಿ ಬ್ರೇಕಿನದ್ದಲ್ಲ, ತುಕ್ಕಿನದ್ದು. ಇದನ್ನ ನೀವೂ ನೋಡಿಕೊಳ್ಳಬಹುದು. ಆ ತುದಿಯಲ್ಲಿ ತಂತಿ ಚಲಿಸಿದ್ರೆ ತೊಂದರೆ ಡ್ರಮ್ಮಿನ ಒಳಗೆ, ಚಲಿಸದಿದ್ರೆ ಕೇಬಲ್ಲಿನಲ್ಲಿ. ತಂತಿ ಹೋಗಿ ವಾಪಸ್ ಬರದೇ ಇದ್ರೂ ಕೇಬಲ್ಲೇ, ಆದರೆ ಆಗ ಉಲ್ಟಾ ರೋಗ. ಬ್ರೇಕ್ ಬಿಟ್ಟರೂ ಶೂ ಉಜ್ಜುತ್ತಲೇ ಇರುತ್ತೆ, ಆ ಚಕ್ರ ಕಾದು ವಾಸನೆ ಬರುತ್ತೆ.

ಎಡಗಡೆ? ಡ್ರಮ್ ತೆಗೆದ ಮೇಸ್ತ್ರಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಎಂತ ಮಾರಾಯ್ರೆ, ಎಡದ್ದು ಬಲಕ್ಕೆ ಹಾಕಿದ್ದೀರಿ!" ಅಂದ್ರು. ಫ್ರೆಂಡಿನ ಕಥೆ ಅಲ್ಲಿಗೆ ಮುಗೀತು.

ಆ ತಟ್ಟೆ ನೆನಪಿದೆಯಾ? ಎರಡು ಶೂಗಳ ನಡುವೆ ಅಡ್ಡಲಾಗಿ ಒಂದು ಅಡ್ಜಸ್ಟರ್ ಇರುತ್ತೆ, ಹಲ್ಲಿನ ಪುಟ್ಟ ಚಕ್ರ ಇರೋ ಒಂದು ಸ್ಕ್ರೂ. ಶೂ ಸವೆದ ಹಾಗೆ ಬ್ರೇಕ್ ಹಾಕುವಾಗ ಒಂದು ಪಟ್ಟಿ ಬಂದು ಆ ಹಲ್ಲನ್ನ ಒಂದೊಂದೇ ಮೀಟುತ್ತೆ, ಸ್ಕ್ರೂ ಉದ್ದವಾಗುತ್ತೆ, ಶೂ ಡ್ರಮ್ಮಿನ ಹತ್ತಿರವೇ ಉಳಿಯುತ್ತೆ. ಎಡದ್ದರ ಥ್ರೆಡ್ಡು ಒಂದು ದಿಕ್ಕು, ಬಲದ್ದರದ್ದು ಅದರ ವಿರುದ್ಧ. ನೋಡೋಕೆ ಅವಳಿ ಮಕ್ಕಳ ಹಾಗೆ. ನಾನು ಅದಲು ಬದಲು ಮಾಡಿದ್ದೆ. ಹಾಗಾಗಿ ಮೀಟಿದಾಗೆಲ್ಲಾ ಅದು ಉದ್ದವಾಗೋ ಬದಲು ಗಿಡ್ಡ ಆಗ್ತಾ ಹೋಯ್ತು. ಬ್ರೇಕ್ ಒತ್ತಿದಷ್ಟೂ ಬ್ರೇಕ್ ಸಡಿಲ! ಪೆಡಲ್ ಇಳಿಯುತ್ತಾ ಹೋದದ್ದು ಇದಕ್ಕೇ.

ಮೇಸ್ತ್ರಿಗೆ ಇದಕ್ಕಿಂತ ಸಿಟ್ಟು ಬಂದದ್ದು ನಟ್ಟಿನ ವಿಷಯಕ್ಕೆ. ಡ್ರಮ್ಮಿನ ಒಳಗೆ ಒಂದು ಶೂವಿಗೆ ಸಣ್ಣ ಲಿವರು ಇದೆ, ಹ್ಯಾಂಡ್ ಬ್ರೇಕ್ ಕೇಬಲ್ ಸಿಕ್ಕಿಸೋದು ಅದಕ್ಕೆ. ಹ್ಯಾಂಡ್ ಬ್ರೇಕ್ ಕೆಳಗಿದ್ದಾಗ ಅದು ಪೂರ್ತಿ ವಾಪಸ್ ಬಂದು ಕೂತಿರಬೇಕು. ನಾನು ಮೇಲಿನಿಂದ ಕೇಬಲ್ ಬಿಗಿ ಮಾಡಿ ಅದನ್ನ ಯಾವಾಗಲೂ ಅರ್ಧ ಎಳೆದಿಟ್ಟಿದ್ದೆ. ಹಾಗೆ ಎಳೆದಿಟ್ಟರೆ, ಬಿಡಿಭಾಗಗಳು ಸರಿಯಾದ ಜಾಗದಲ್ಲಿದ್ರೂ ಅಡ್ಜಸ್ಟ್‌ಮೆಂಟ್ ಸರಿಯಾಗಿ ಆಗಲ್ಲ. "ಬ್ರೇಕ್ ಇರುದು ಚಕ್ರದಲ್ಲಿ ಸಾರ್, ಕೈಯಲ್ಲಿ ಅಲ್ಲ" ಅಂದ್ರು.

ಸರಿಯಾದ ಕ್ರಮ ಇಷ್ಟು. ಮೊದಲು ಲಿವರಿನ ಬುಡದ ನಟ್ಟು ಪೂರ್ತಿ ಸಡಿಲಿಸಬೇಕು. ಆಮೇಲೆ ಚಕ್ರದ ಬಳಿ ಅಡ್ಜಸ್ಟರ್ ತಿರುಗಿಸಿ, ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿದ್ರೆ ಶೂ ತೆಳ್ಳಗೆ ಸವರೋ ಸದ್ದು ಬರೋ ತನಕ ತಂದು, ಸ್ವಲ್ಪ ಹಿಂದಕ್ಕೆ ಬಿಡಬೇಕು. ಎರಡೂ ಕಡೆ ಒಂದೇ ಥರ ಇರಬೇಕು. ಡ್ರಮ್ ಹಾಕಿದ ಮೇಲೆ ಪೆಡಲನ್ನ ಹತ್ತಾರು ಸಲ ಒತ್ತಿ ಶೂಗಳನ್ನ ನಡುವೆ ಕೂರಿಸಬೇಕು. ಎಲ್ಲಾ ಮುಗಿದ ಮೇಲೆ, ಕಟ್ಟ ಕಡೆಗೆ, ಕೇಬಲ್ ನಟ್ಟು. ಎಷ್ಟನೇ ಟಿಕ್ಕಿಗೆ ಹಿಡಿಯಬೇಕು ಅನ್ನೋದು ಕಾರಿನಿಂದ ಕಾರಿಗೆ ಬೇರೆ, ನಿಮ್ಮ ಕಾರಿನ ಪುಸ್ತಕ ನೋಡಿ. ಲಿವರು ಇಳಿಸಿದಾಗ ಎರಡೂ ಚಕ್ರ ಆರಾಮಾಗಿ ತಿರುಗಬೇಕು. ನಾನು ಈ ಸಾಲಿನ ಕೊನೆಯ ಕೆಲಸವನ್ನ ಮೊದಲು ಮಾಡಿದ್ದೆ, ಉಳಿದದ್ದನ್ನ ಮಾಡಲೇ ಇಲ್ಲ.

ಇನ್ನೊಂದು, ಹಳೇ ಡ್ರಮ್ಮಿನ ಒಳ ಅಂಚಿನಲ್ಲಿ ಸವೆತದಿಂದ ಒಂದು ದಿಣ್ಣೆ ಎದ್ದಿರುತ್ತೆ. ಹೊಸ ಶೂ ಅದರ ಮೇಲೆ ಹತ್ತಿ ಕೂತರೆ ಪೂರ್ತಿ ಮೈ ತಾಗಲ್ಲ. ಶೂವಿನ ಮೇಲೆ ಗ್ರೀಸಿನ ಕೈ ತಾಗಿದ್ರೂ ಹಿಡಿತ ಹೋಯ್ತು. ಒಳಗಿನ ಧೂಳನ್ನ ಮಾತ್ರ ಊದಬೇಡಿ, ಹಳೇ ಲೈನರುಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಮಾಡಿ ಒರೆಸಿ.

ಹಿಂದೆ ಡಿಸ್ಕ್ ಬ್ರೇಕ್ ಇರೋರು 'ನಮಗೇನು' ಅಂದ್ಕೊಳ್ಳೋದು ಬೇಡ. ಕೆಲವು ಕಾರುಗಳಲ್ಲಿ ಡಿಸ್ಕಿನ ನಡುವಿನ ಟೊಪ್ಪಿಯೊಳಗೆ ಹ್ಯಾಂಡ್ ಬ್ರೇಕಿಗಂತಲೇ ಪುಟ್ಟ ಡ್ರಮ್ಮು, ಶೂ ಇರುತ್ತೆ. ಹೊಸ ಡಿಸ್ಕ್ ಹಾಕಿದವರು ಆ ಶೂ ಅಡ್ಜಸ್ಟ್ ಮಾಡೋದನ್ನ, ಡಿಸ್ಕಿನ ಒಳಮೈಯ ಎಣ್ಣೆ ಒರೆಸೋದನ್ನ ಮರೀತಾರೆ. ಇನ್ನು ಕೆಲವದರಲ್ಲಿ ಕ್ಯಾಲಿಪರಿನ ಪಿಸ್ಟನ್ನಿಗೇ ಹ್ಯಾಂಡ್ ಬ್ರೇಕು ಜೋಡಿಸಿರುತ್ತೆ. ಅದನ್ನ ತಿರುಗಿಸಿ ಒಳಗೆ ಕಳಿಸಬೇಕು, ಒತ್ತಿದ್ರೆ ಕೆಡುತ್ತೆ. ಬಟನ್ ಒತ್ತೋ ಹೊಸ ಕಾರುಗಳಲ್ಲಂತೂ ಮೊದಲು ಸರ್ವಿಸ್ ಮೋಡಿಗೆ ಹಾಕಿ ಮೋಟಾರನ್ನ ಹಿಂದಕ್ಕೆ ಸರಿಸದೇ ಪ್ಯಾಡ್ ಮುಟ್ಟಲೇಬಾರದು.

ಬಲಗಡೆಗೆ ಕೇಬಲ್ ಬೇಕಲ್ಲ. ಅಮ್ಘರಾದ ಸ್ಕ್ರ್ಯಾಪ್ ಯಾರ್ಡಿನಲ್ಲಿ ಅಗ್ಗಕ್ಕೆ ಸಿಗಬಹುದೇನೋ ಅಂದೆ, ಉಳಿತಾಯದ ಚಟ ಇನ್ನೂ ಹೋಗಿರಲಿಲ್ಲ. ಮೇಸ್ತ್ರಿ ಒಂದು ನೋಟ ನೋಡಿದ್ರು. ಬಾಗಿಲು, ಲೈಟು, ಕನ್ನಡಿ ಅಲ್ಲಿ ತಗೊಳ್ಳಿ, ಇದೇ ಬಿಸಿಲು-ಧೂಳು ತಿಂದ ಕೇಬಲ್ ಯಾಕೆ ತರ್ತೀರಿ ಅಂದ್ರು. ಹೊಸದೇ ಎರಡು ತಂದೆ, ಎರಡೂ ಕಡೆಗೆ. ಕೊಟ್ಟ ಮಜೂರಿ, ನಾನು ನನ್ನಾಕೆಗೆ ಲೆಕ್ಕ ತೋರಿಸಿದ್ದ ಉಳಿತಾಯಕ್ಕಿಂತ ಜಾಸ್ತಿ. ಜೊತೆಗೆ ಒಂದು ಬುದ್ಧಿಮಾತು ಪುಕ್ಕಟೆ: ಒಂದು ಕಡೆ ಬಿಚ್ಚಿ, ಜೋಡಿಸಿ ಮುಗಿಸೋ ತನಕ ಇನ್ನೊಂದು ಕಡೆ ಮುಟ್ಟಬೇಡಿ. ಮರೆತ್ರೆ ಆ ಕಡೆ ಹೋಗಿ ನೋಡಿಕೊಳ್ಳಬಹುದು. (ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು ಇರುತ್ತೆ, ಅಷ್ಟೇ.) ಜೇಬಿನಲ್ಲಿ ಕ್ಯಾಮರಾ ಇರೋ ಮೊಬೈಲ್ ಇಟ್ಟುಕೊಂಡು ಒಂದು ಫೋಟೋ ತೆಗೆಯದ ನನ್ನ ಬುದ್ಧಿಗೆ ಏನನ್ನೋಣ :)

ಈಗ ಆರನೇ ಟಿಕ್ಕಿಗೆ ಕಾರು ನಿಲ್ಲುತ್ತೆ. ಮೊನ್ನೆ ಸರ್ದಾಬಿನ ಏರಿನಲ್ಲಿ, ಹಿಂದೆ ಯಾರೂ ಇಲ್ಲ ಅಂತ ಎರಡು ಸಲ ನೋಡಿ, ಕಾಲು ಪೆಡಲಿನ ಮೇಲೆ ತಯಾರಾಗಿಟ್ಟುಕೊಂಡು ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ ನೋಡಿದೆ. ಅಲುಗಾಡಲಿಲ್ಲ. ಆಮೇಲೆ ಪಿ-ಗೂ ಹಾಕಿದೆ. ದಿನಾ ಹ್ಯಾಂಡ್ ಬ್ರೇಕ್ ಎಳೀತೀನಿ, ಸಮತಟ್ಟಿನಲ್ಲೂ. ಶೂ ಚೆನ್ನಾಗಿ ಕೂತ ಮೇಲೆ ಮುಂದಿನ ತಿಂಗಳು ಒಮ್ಮೆ ತೋರಿಸಿ ಅಂದಿದ್ದಾರೆ ಮೇಸ್ತ್ರಿ, ಹೋಗ್ತೀನಿ.

ನನ್ನಾಕೆ ಮಾತ್ರ ಈಗ ಮಗಳ ಕೈ ಹಿಡ್ಕೊಂಡು ಲಿಫ್ಟಿನಲ್ಲಿ ಮೇಲೆ ಹೋಗಿ, ಮುಂಬಾಗಿಲಿನಿಂದ ಸುತ್ತಿ ರಸ್ತೆಗೆ ಬರ್ತಾಳೆ. ಸರಿಯಾಗಿದೆ ಕಣೇ, ಮೇಸ್ತ್ರಿಯೇ ಮಾಡಿದ್ದು ಅಂದ್ರೂ ಕೇಳಲ್ಲ. ನಾನೂ ಒತ್ತಾಯ ಮಾಡಿಲ್ಲ.